ದಿನಕ್ಕೊಂದು ರಾಗಿಕಾಳಿನ ದಾರಿ

ಹುಣಸೂರು ಪಿರಿಯಾಪಟ್ಟಣಗಳ ನಮ್ಮ ಸೀಮೆಯಲ್ಲಿ ‘ನರ’ ಎಂಬ ಎರಡಕ್ಷರದ ಮೇಲೆ ಜನ ಹೊರಿಸಿರುವ ಹೊರೆಯನ್ನು ನೋಡಿದರೆ ಆ ಶಬ್ದದ ವಿಷಯದಲ್ಲಿ ಮರುಕ ಹುಟ್ಟೀತು. ಸೂಜಿ ಚುಚ್ಚಲು ಬಂದ ದಾದಿಗೆ ಮೊಳಕೈಯ ರಕ್ತನಾಳ ಕಾಣದಿದ್ದರೆ ‘ನರ ಸಿಗ್ತಿಲ್ಲ’ ಎನ್ನುತ್ತಾಳೆ; ಗದ್ದೆಯ ಬದುವಿನಲ್ಲಿ ಕಾಲು ಹೊರಳಿ ಹಿಮ್ಮಡಿಯ ಮೇಲಣ ಸ್ನಾಯುರಜ್ಜು ನೊಂದರೆ ‘ನರ ಎಳ್ದದೆ’ ಎನ್ನುತ್ತೇವೆ; ಕತ್ತು ತಿರುಗದಿದ್ದರೆ ‘ನರ ಹಿಡ್ಕೊಂಡದೆ’; ಸುಮ್ಮನೆ ದಣಿದು ಮಂಕಾಗಿ ಕುಳಿತವನಿಗೂ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ಜಾಹೀರಾತು ‘ನರದೌರ್ಬಲ್ಯ’ವೆಂಬ ಬಿರುದನ್ನು ಧಾರಾಳವಾಗಿ ದಯಪಾಲಿಸುತ್ತದೆ. ರಕ್ತವನ್ನೊಯ್ಯುವ ಕೊಳವೆ, ಮಾಂಸವನ್ನು ಮೂಳೆಗೆ ಬಿಗಿದಿರುವ ಹುರಿ, ಮಿದುಳಿನ ಆಜ್ಞೆಯನ್ನು ಬೆರಳ ತುದಿಗೆ ಮುಟ್ಟಿಸಿ ಬೆರಳ ತುದಿಯ ಸುದ್ದಿಯನ್ನು ಮಿದುಳಿಗೆ ಮರಳಿಸುವ ತಂತು, ಈ ಮೂರೂ ಒಂದೇ ಹೆಸರಿನ ಸೂರಿನಡಿಯಲ್ಲಿ ಒಕ್ಕಲಿರುವುದರಿಂದ, ಮೂರನೆಯದಕ್ಕೆ ಪೆಟ್ಟು ಬಿದ್ದಾಗಲೂ ಮೊದಲೆರಡಕ್ಕೆ ಸಲ್ಲತಕ್ಕ ಉಪಚಾರವೇ ನಡೆದುಹೋಗುತ್ತದೆ: ಎಣ್ಣೆ ನೀವುವುದು, ಶಾಖ ಕೊಡುವುದು, ಬಿಗಿದು ಕಟ್ಟುವುದು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ, ಕಾಯುವುದು.

ಇದು ಪೂರ್ವಿಕರ ಅವಿವೇಕವೆಂದು ಹೇಳುವಂತಿಲ್ಲ. ಸುಶ್ರುತಸಂಹಿತೆಯು ಸಿರೆ, ಸ್ನಾಯು, ಧಮನಿಗಳನ್ನು ಬೇರೆಬೇರೆಯಾಗಿಯೇ ಎಣಿಸಿದೆ. ದೇಹದಲ್ಲಿ ಅದು ಹೇಳುವ 107 ಮರ್ಮಗಳ ಪೈಕಿ ಎದೆಗೂ ಕಂಕುಳಿಗೂ ನಡುವೆ ಇರತಕ್ಕ ‘ಕಕ್ಷಧರ’ವೆಂಬುದನ್ನು, ಪ್ರಾಣ ತೆಗೆಯದೆ ಅಂಗವನ್ನು ಮಾತ್ರ ನಿಶ್ಚೇಷ್ಟಿತವಾಗಿಸುವ ‘ವೈಕಲ್ಯಕರ’ ಮರ್ಮಗಳ ಸಾಲಿಗೆ ಸೇರಿಸಿದೆ. ಕತ್ತಿನ ಬುಡದಲ್ಲಿ ಐದು ಬೇರುಗಳಾಗಿ ಹೊರಟು, ಕೊರಳೆಲುಬಿನ ಕೆಳಗೆ ಜಡೆಯಂತೆ ಹೆಣೆದುಕೊಂಡು, ಕಂಕುಳಿನ ಹಾದಿಯಾಗಿ ತೋಳಿಗಿಳಿಯುವ ಭುಜದ ನರಜಾಲವನ್ನು ಇಂದಿನ ವೈದ್ಯರು ಬ್ರೇಕಿಯಲ್ ಪ್ಲೆಕ್ಸಸ್ ಎಂದು ಕರೆಯುತ್ತಾರೆ. ಅದು ಹಾದುಹೋಗುವುದೂ ಆ ಸುತ್ತಿನಲ್ಲಿಯೇ ಎಂಬುದನ್ನು ನೆನೆದಾಗ ಹಳೆಯ ಕಾಲದ ಆ ಕಣ್ಣಿನ ನಿಶಿತತೆಗೆ ತಲೆ ಬಾಗುತ್ತದೆ. ಹೆಸರು ಗೊತ್ತಿದ್ದಿತು, ಸ್ಥಾನ ಗೊತ್ತಿದ್ದಿತು. ಕಡಿದದ್ದನ್ನು ಹೊಲಿದು ಮತ್ತೆ ಚೇತನ ತರಿಸುವ ಕೌಶಲವೊಂದು ಇರಲಿಲ್ಲ. ಈಗ ಆ ಕೌಶಲವಿದೆ. ಆದರೆ ನಮ್ಮ ಹನಗೋಡಿನಿಂದ ಅದಕ್ಕಿರುವ ದೂರವನ್ನು ಬಸ್ಸಿನ ಚೀಟಿಯಿಂದ ಅಳೆಯುವುದು ಸಾಧ್ಯವಿಲ್ಲ.

ಮೂರು ವರ್ಷಗಳ ಹಿಂದಿನ ಮಾತು. ನನ್ನಲ್ಲಿ ಏಳನೆಯ ತರಗತಿಯವರೆಗೆ ಓದಿದ ಹುಡುಗನೊಬ್ಬ, ಹೊಗೆಸೊಪ್ಪು ಹರಾಜಿಗೆ ಹಾಕಿ ಹಿಂದಿರುಗುತ್ತಿದ್ದಾಗ, ಸಂಜೆಗತ್ತಲಲ್ಲಿ ಬೈಕಿನಿಂದ ಬಿದ್ದು ಬಲಭುಜವನ್ನು ಊರಿದನು. ಕೊರಳೆಲುಬು ಮುರಿದಿದ್ದಿತು, ಅದು ಕೂಡಿಕೊಂಡಿತು. ಭುಜವೇಳಲಿಲ್ಲ, ಮೊಳಕೈ ಮಡಿಯಲಿಲ್ಲ. ಬೆರಳುಗಳು ಮಾತ್ರ ಆಡುತ್ತಿದ್ದವು. ಬೆರಳುಗಳು ಆಡುತ್ತಿದ್ದುದೇ ಅವನ ಪಾಲಿಗೆ ಮೋಸವಾಯಿತೆಂದು ಈಗ ನನಗೆ ತೋರುತ್ತದೆ. ಏಕೆಂದರೆ, ಕೈ ಪೂರ್ತಿ ಸತ್ತಿದ್ದರೆ ಮನೆಯವರು ಹೆದರಿ ಎಲ್ಲಿಗಾದರೂ ಓಡುತ್ತಿದ್ದರು, ಬೆರಳು ಆಡುವ ಕೈ ಇಂದಲ್ಲ ನಾಳೆ ಏಳುವುದೆಂಬ ಭರವಸೆಯಾದರೋ ಅವರನ್ನು ಮನೆಯಲ್ಲಿಯೇ ಕೂರಿಸಿತು. ಚಿಕಿತ್ಸೆ ಮಾಡಿದವರೂ ‘ಮೂಳೆ ಕೂಡಿದೆ, ನರ ತಾನಾಗಿ ಸರಿಹೋಗುತ್ತದೆ’ ಎಂದು ಕಳುಹಿಸಿದರು. ಆ ಮಾತು ಸುಳ್ಳೂ ಅಲ್ಲ, ಅನೇಕರಿಗೆ ತಾನಾಗಿಯೇ ಸರಿಹೋಗುವುದುಂಟು. ಆದರೆ ಎಷ್ಟು ದಿನ ಕಾದು ನೋಡಬೇಕು, ಯಾವ ದಿನ ಕಾಯುವುದನ್ನು ನಿಲ್ಲಿಸಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಹನ್ನೊಂದು ತಿಂಗಳು ಎಣ್ಣೆ ನೀವಿಸಿಕೊಂಡ ಮೇಲೆ, ಬೇರೆ ಯಾವುದೋ ಕೆಲಸಕ್ಕೆ ಮೈಸೂರಿಗೆ ಹೋದವನನ್ನು ಬಲ್ಲವರೊಬ್ಬರು ಪರೀಕ್ಷಿಸಿ, ‘ಆರು ತಿಂಗಳು ಮೊದಲು ಬರಬೇಕಾಗಿತ್ತು’ ಎಂದರಂತೆ. ಅವನ ತಾಯಿ ನನ್ನ ಜಗಲಿಯ ಮೇಲೆ ಕುಳಿತು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “ಕಾಯಿ ಅಂದೋರೂ ಡಾಕ್ಟ್ರೇ, ಯಾಕ್ ಕಾಯ್ದೆ ಅನ್ನೋರೂ ಡಾಕ್ಟ್ರೇ. ನಾವ್ ಯಾರ ಮಾತ್ ಕೇಳ್ಬೇಕಾಗಿತ್ತು ಮೇಷ್ಟ್ರೇ?”

ಆ ಪ್ರಶ್ನೆಯ ಬೆನ್ನು ಹತ್ತಿ, ಈ ವಿಷಯವನ್ನು ಬಲ್ಲವರನ್ನು ಕೇಳಿ, ಓದಬಲ್ಲಷ್ಟನ್ನು ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ. ಕಡಿದ ನರದ ಕೆಳತುಂಡು ಕೆಲವೇ ವಾರಗಳಲ್ಲಿ ಒಳಗೊಳಗೇ ಕರಗಿ ಬರಿಯ ಪೊಳ್ಳು ಕೊಳವೆಯಾಗುತ್ತದೆ; ಇದನ್ನು ಆಗಸ್ಟಸ್ ವಾಲರ್ ಎಂಬ ಆಂಗ್ಲ ವಿಜ್ಞಾನಿ 1850ರಷ್ಟು ಹಿಂದೆಯೇ ಕಪ್ಪೆಯ ನಾಲಗೆಯಲ್ಲಿ ಕಂಡು ಬರೆದಿಟ್ಟನು. ಮೇಲಿನ ತುಂಡಿನಿಂದ ಹೊಸ ಎಳೆಗಳು ಚಿಗುರಿ ಆ ಪೊಳ್ಳು ಕೊಳವೆಯನ್ನು ಹುಡುಕಿಕೊಂಡು ಕೆಳಗಿಳಿಯುತ್ತವೆ. ಇಳಿಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರು, ಎಂದರೆ ನಮ್ಮ ಹೊಲದ ಒಂದು ರಾಗಿಕಾಳಿನಷ್ಟು. ದಿನಕ್ಕೊಂದು ರಾಗಿಕಾಳಿನಂತೆ ಕತ್ತಿನ ಬುಡದಿಂದ ತೋಳಿನ ಮಾಂಸದವರೆಗೆ ಸಾಲಿಡುತ್ತ ಹೋದರೆ ಅಲ್ಲಿಗೇ ಹತ್ತು ತಿಂಗಳು. ಬೆರಳುಗಳವರೆಗೆ ಎರಡು ವರ್ಷಕ್ಕೂ ಮಿಕ್ಕು. ಇತ್ತ ಮಾಂಸಖಂಡವು ತನ್ನ ನರದ ಬರವಿಗಾಗಿ ಅನಂತಕಾಲ ಕಾಯುವ ಶಬರಿಯಲ್ಲ. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಕಳೆದ ಮೇಲೆ ನರ ಬಂದು ಬಾಗಿಲು ತಟ್ಟಿದರೂ ತೆರೆಯುವವರು ಒಳಗಿರುವುದಿಲ್ಲ. ಆದಕಾರಣ, ಸೆಳೆತಕ್ಕೆ ಸಿಕ್ಕಿದ ನರಜಾಲವು ತಾನಾಗಿ ಚೇತರಿಸಿಕೊಳ್ಳುವ ಸೂಚನೆಗಾಗಿ ಮೊದಲ ಮೂರು ತಿಂಗಳು ನೋಡುವುದೂ, ಕಾಣದಿದ್ದರೆ ಮೂರರಿಂದ ಆರು ತಿಂಗಳೊಳಗೆ ಶಸ್ತ್ರಕ್ರಿಯೆಗೆ ಕೈಹಚ್ಚುವುದೂ ಬಲ್ಲವರ ಪದ್ಧತಿ. ಕುಡುಗೋಲಿನಿಂದಲೋ ಗಾಜಿನಿಂದಲೋ ಚೊಕ್ಕವಾಗಿ ಕಡಿದದ್ದಾದರೆ ಕಾಯುವ ಪ್ರಶ್ನೆಯೇ ಇಲ್ಲ, ಆದಷ್ಟು ಬೇಗನೆ, ಕೆಲವೇ ದಿನಗಳಲ್ಲಿ, ತುದಿಗೆ ತುದಿ ಹೊಲಿಯತಕ್ಕದ್ದು.

ನಮ್ಮ ನಾಲ್ಕು ತಾಲ್ಲೂಕುಗಳ ಬಾಳನ್ನು ಬಲ್ಲವರು ಈ ಗಾಯಗಳ ಮೂಲವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕೆ.ಆರ್. ನಗರದ ಗದ್ದೆಗಳಲ್ಲಿ ಕೊಯ್ಲಿನ ಕುಡುಗೋಲು ಮಣಿಕಟ್ಟಿಗೆ ತಗುಲುವುದು ಹೊಸ ಸುದ್ದಿಯಲ್ಲ. ಹೊರಗಿನ ಚರ್ಮಕ್ಕೆ ಹೊಲಿಗೆ ಬೀಳುತ್ತದೆ, ಒಳಗೆ ನರ ಹಾಗೆಯೇ ಉಳಿಯುತ್ತದೆ, ಆರು ತಿಂಗಳ ತರುವಾಯ ಬೆರಳುಗಳು ಹಕ್ಕಿಯ ಉಗುರಿನಂತೆ ಬಾಗಿದಾಗ ಮನೆಯವರು ಅದನ್ನು ಗಾಯದ ಗುರುತೆಂದು ಒಪ್ಪಿಕೊಂಡುಬಿಡುತ್ತಾರೆ. ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಲ್ಲಿ ಮರದಿಂದ ಬಿದ್ದವರಿರುತ್ತಾರೆ. ಜ್ವರ ಬಂದ ಎಳೆಯ ಮಗುವಿನ ಪೃಷ್ಠಕ್ಕೆ ಎಲ್ಲೆಂದರಲ್ಲಿ ಚುಚ್ಚಿದ ಸೂಜಿಯು ಕಾಲಿನ ಹೆನ್ನರಕ್ಕೆ ತಗುಲಿ, ಜ್ವರ ಇಳಿದ ಮೇಲೂ ಪಾದ ಮೇಲೇಳದಂತಾಗುವುದು ಭಾರತದ ನರಚಿಕಿತ್ಸಕರೆಲ್ಲರೂ ಬಲ್ಲ ವಿಷಾದಕರ ಸಂಗತಿ. ಮುರಿದ ಮೊಳಕೈಗೆ ಬಿದಿರಿನ ದಬ್ಬೆಯಿಟ್ಟು ಉಸಿರುಗಟ್ಟುವಂತೆ ಬಿಗಿದು ಕಟ್ಟಿದುದರ ಫಲವಾಗಿ ನೆತ್ತರೂ ನರವೂ ಸೊರಗಿ ಮುಂಗೈ ಮರದ ಕೊರಡಾದವರನ್ನು ಸಂತೆಯ ದಿನ ನೋಡಬಹುದು. ಇನ್ನೊಂದು ಕಾರಣವು ನಾನು ಓದುವವರೆಗೂ ನನ್ನ ಬುದ್ಧಿಗೆ ಹೊಳೆದಿರಲಿಲ್ಲ. ಕುಕ್ಕರಗಾಲಿನಲ್ಲಿ ಗಂಟೆಗಟ್ಟಲೆ ಕುಳಿತು ಕಳೆ ಕೀಳುವವರಿಗೆ ಮೊಣಕಾಲಿನ ಹೊರಬದಿಯಲ್ಲಿ, ಸಣ್ಣ ಮೂಳೆಯ ಕತ್ತನ್ನು ಸುತ್ತಿಕೊಂಡು ಹೋಗುವ ನರವು ಅದುಮಿಕೊಂಡು ಪಾದ ಜೋತುಬೀಳುತ್ತದೆ. ಹೊರನಾಡುಗಳ ವೈದ್ಯಗ್ರಂಥಗಳು ಇದಕ್ಕೆ ಸ್ಟ್ರಾಬೆರಿ ಹಣ್ಣು ಕೀಳುವವರ ಹೆಸರಿಟ್ಟಿವೆ. ಶುಂಠಿಯ ಹೊಲದಲ್ಲಿಯೂ ತಂಬಾಕಿನ ಮಡಿಗಳಲ್ಲಿಯೂ ದಿನವಿಡೀ ಕುಕ್ಕರಿಸುವ ನಮ್ಮ ಹೆಣ್ಣಾಳುಗಳು ಅದನ್ನು ‘ಜೋಮು’ ಎಂದಿಷ್ಟೇ ಹೇಳಿ ಕಾಲೆಳೆಯುತ್ತ ಮನೆಗೆ ಹೋಗುತ್ತಾರೆ.

ಕುಷ್ಠರೋಗವನ್ನು ಇಲ್ಲಿ ಮರೆಯುವಂತಿಲ್ಲ. ಅದು ಚರ್ಮದ ರೋಗವೆಂಬ ಭಾವನೆ ಎಷ್ಟು ಬೇರೂರಿದೆಯೆಂದರೆ, ವಸ್ತುತಃ ಅದು ನರದ ರೋಗವೆಂದು ಹೇಳಿದರೆ ವಿದ್ಯಾವಂತರೂ ಹುಬ್ಬೇರಿಸುತ್ತಾರೆ. ಮೊಳಕೈಯ ಹಿಂದಣ ನರವು ಹಗ್ಗದಂತೆ ದಪ್ಪಗಾಗಿ, ಬೆರಳುಗಳು ಸ್ಪರ್ಶವನ್ನೂ ಬಲವನ್ನೂ ಕಳೆದುಕೊಂಡು, ಬಿಸಿಪಾತ್ರೆಯ ಬಿಸಿ ತಿಳಿಯದೆ ಸುಟ್ಟು, ಮೊಳೆ ಚುಚ್ಚಿದುದು ತಿಳಿಯದೆ ಕೊಳೆತು ಅಂಗಹೀನತೆಯುಂಟಾಗುವುದೆಂಬುದನ್ನು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ 1940ರ ದಶಕದ ಕೊನೆಯಿಂದ ಮೊದಲುಗೊಂಡು ಪಟ್ಟುಹಿಡಿದು ಪ್ರತಿಪಾದಿಸಿದರು. ಬಾಗಿದ ಬೆರಳುಗಳನ್ನು ಸ್ನಾಯುರಜ್ಜುಗಳ ವರ್ಗಾವಣೆಯಿಂದ ನೆಟ್ಟಗಾಗಿಸುವ ಶಸ್ತ್ರಕ್ರಿಯೆಯನ್ನು ಕೈಗೊಂಡರು. ಜಗತ್ತು ಕೈಯ ಶಸ್ತ್ರವಿದ್ಯೆಯ ಒಂದು ಅಧ್ಯಾಯವನ್ನು ಕಲಿತದ್ದು ನಮ್ಮ ನೆರೆನಾಡಿನ ಆ ಊರಿನಿಂದ. 2005ರ ಡಿಸೆಂಬರಿನಲ್ಲಿ ಹತ್ತು ಸಾವಿರ ಜನಕ್ಕೆ ಒಬ್ಬ ರೋಗಿಗಿಂತ ಕಡಿಮೆಯೆಂಬ ಗುರಿಯನ್ನು ಭಾರತ ಮುಟ್ಟಿದ ಮೇಲೆ ಆ ಕಡೆಗೆ ನಮ್ಮ ಗಮನ ಸಡಿಲವಾಯಿತು. ರೋಗ ಗುಣವಾಗಿಯೂ ನರ ಹೋದ ಕೈಗಳು ಮಾತ್ರ ಅವರವರ ಮಡಿಲಲ್ಲಿಯೇ ಉಳಿದವು.

ನರದ ಶಸ್ತ್ರವಿದ್ಯೆಯ ಚರಿತ್ರೆಯನ್ನು ನೋಡಿದರೆ ಅದು ಯುದ್ಧದ ಮಗು. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದವರ ಉರಿನೋವನ್ನು ವೀಯರ್ ಮಿಚೆಲ್ ಫಿಲಡೆಲ್ಫಿಯದಲ್ಲಿ ಕುಳಿತು ವಿವರಿಸಿದನು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಹರ್ಬರ್ಟ್ ಸೆಡನ್ ಎಂಬಾತನು ನರದ ಗಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದನು: ನರದೊಳಗಿನ ಎಳೆಗಳು ಹಾಗೆಯೇ ಇದ್ದು ಸುದ್ದಿಮಾತ್ರ ನಿಂತುಹೋದದ್ದು, ಎಳೆಗಳು ಕಡಿದು ಹೊದಿಕೆ ಉಳಿದದ್ದು, ಎಲ್ಲವೂ ತುಂಡಾದದ್ದು. ಮೆಲ್ಬರ್ನಿನ ಸಿಡ್ನಿ ಸಂಡರ್ಲೆಂಡ್ 1951ರಲ್ಲಿ ಅದನ್ನೇ ಐದು ಮೆಟ್ಟಿಲುಗಳಾಗಿಸಿದನು. ಕಡಿದ ತುದಿಗಳನ್ನು ಜಗ್ಗಿ ಹೊಲಿದರೆ ಫಲವಿಲ್ಲ, ನಡುವಣ ಅಂತರಕ್ಕೆ ಕಾಲಿನ ಹಿಂಬದಿಯ ಸ್ಪರ್ಶನರದ ತುಣುಕುಗಳನ್ನು ಕಸಿ ಮಾಡಬೇಕು ಎಂದು ಸೂಕ್ಷ್ಮದರ್ಶಕದಡಿ ಮಾಡಿ ತೋರಿಸಿದವನು ವಿಯೆನ್ನಾದ ಹಾನೊ ಮಿಲೇಸಿ. ಈಗ ನಮ್ಮ ಸೀಮೆಗೆ ಯುದ್ಧದ ಅಗತ್ಯವಿಲ್ಲ. ಹುಣಸೂರಿನಿಂದ ಮೈಸೂರಿಗಿರುವ 45 ಕಿಲೋಮೀಟರಿನ ಹೆದ್ದಾರಿಯೂ, ಕಂತಿನ ಮೇಲೆ ಕೊಂಡ ಬೈಕುಗಳೂ ಅದರ ಕೆಲಸವನ್ನು ನಿರ್ವಹಿಸುತ್ತಿವೆ.

1994ರಲ್ಲಿ ಪ್ಯಾರಿಸ್ಸಿನ ಕ್ರಿಸ್ತೋಫ್ ಓಬರ್ಲಾನ್ ಪ್ರಕಟಿಸಿದ ಉಪಾಯವೊಂದನ್ನು ತುಸು ವಿಸ್ತಾರವಾಗಿ ಹೇಳಬೇಕೆನಿಸುತ್ತದೆ, ಏಕೆಂದರೆ ಹನಗೋಡಿನ ಅಣೆಕಟ್ಟೆಯ ನೀರುಂಡವರಿಗೆ ಅದು ಕೂಡಲೆ ಅರ್ಥವಾದೀತು. ಲಕ್ಷ್ಮಣತೀರ್ಥದ ನೀರು ನಾಲೆಯ ಕೊನೆಯಂಚಿನ ಗದ್ದೆಗೆ ತಲುಪುವ ಹೊತ್ತಿಗೆ ಪೈರು ಒಣಗಿಹೋಗುವ ಸಂಭವವಿದ್ದರೆ, ಜಾಣನಾದ ರೈತನು ಕಟ್ಟೆಯಿಂದಲೇ ಹೊಸ ನಾಲೆ ತೋಡಿಸಲು ಅರ್ಜಿ ಹಿಡಿದು ಕೂರುವುದಿಲ್ಲ. ನೆರೆಯ ಗದ್ದೆಗೆ ಧಾರಾಳವಾಗಿ ಹರಿಯುತ್ತಿರುವ ಕಾಲುವೆಯಿಂದ, ಆ ನೆರೆಯವನಿಗೂ ಕೊರತೆಯಾಗದಂತೆ, ಒಂದು ಎಳೆ ನೀರನ್ನು ಬದು ಒಡೆದು ತನ್ನ ಪೈರಿಗೆ ತಿರುಗಿಸಿಕೊಳ್ಳುತ್ತಾನೆ. ಓಬರ್ಲಾನ್ ಮಾಡಿದುದೂ ಇಷ್ಟೆ. ಕತ್ತಿನಲ್ಲಿ ಕಿತ್ತುಹೋದ ಬೇರನ್ನು ಹುಡುಕಹೊರಡದೆ, ತೋಳಿನಲ್ಲಿಯೇ ಪಕ್ಕದಲ್ಲಿ ಹಾದುಹೋಗುವ, ಬೆರಳುಗಳನ್ನು ಆಡಿಸುವ ಸಜೀವ ನರದಿಂದ ಒಂದೇ ಒಂದು ಕಟ್ಟನ್ನು ಬಿಡಿಸಿ, ಮೊಳಕೈ ಮಡಿಸುವ ಮಾಂಸದ ನರಕ್ಕೆ ಅದರ ಹೊಸ್ತಿಲಲ್ಲಿಯೇ ಜೋಡಿಸಿದನು. ರಾಗಿಕಾಳಿನ ದಾರಿ ಮುನ್ನೂರಕ್ಕೆ ಬದಲಾಗಿ ಕೆಲವೇ ಹತ್ತುಗಳಷ್ಟಾಯಿತು. ಕೆಲವೇ ತಿಂಗಳಲ್ಲಿ ಮೊಳಕೈ ಮಡಿಯತೊಡಗಿತು. ಬೆರಳು ಆಡುತ್ತಿದ್ದು ಮೊಳಕೈ ಮಾತ್ರ ಮಡಿಯದವರಿಗೆ ಹೇಳಿಮಾಡಿಸಿದ ಉಪಾಯವಿದು. ನನ್ನ ಶಿಷ್ಯನಿಗೂ, ಕಾಲಕ್ಕೆ ಸರಿಯಾಗಿ ಬಲ್ಲವರ ಕೈಗೆ ಸಿಕ್ಕಿದ್ದರೆ, ಇದನ್ನೇ ಯೋಚಿಸುತ್ತಿದ್ದರಂತೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಈ ವಿದ್ಯೆ ಯಾರದು? ಮಿದುಳಿನ ಶಸ್ತ್ರವೈದ್ಯರು ಇದು ನಮ್ಮದೂ ಹೌದು ಎನ್ನುತ್ತಾರೆ, ಆದರೆ ಅವರ ದಿನವೆಲ್ಲ ತಲೆಬುರುಡೆಯ ಒಳಗೂ ಬೆನ್ನುಹುರಿಯ ಸುತ್ತಲೂ ಕಳೆದುಹೋಗುತ್ತದೆ. ಮೂಳೆಯ ವೈದ್ಯರಿಗೆ ಮುರಿದ ಮೂಳೆಗಳ ಸಾಲೇ ಬಾಗಿಲವರೆಗೆ ನಿಂತಿರುತ್ತದೆ. ಪ್ಲಾಸ್ಟಿಕ್ ಸರ್ಜನ್ನರಲ್ಲಿ ಸೂಕ್ಷ್ಮದರ್ಶಕದ ಕೈಚಳಕವುಂಟು, ಅವರಿಗೆ ಸುಟ್ಟಗಾಯಗಳ ಕರೆ ಬಿಡುವು ಕೊಡದು. ಮೂವರು ದಾಯಾದಿಗಳ ಹೆಸರಿನಲ್ಲಿ ಜಂಟಿ ಖಾತೆಯಿದ್ದು ಒಬ್ಬರೂ ನೇಗಿಲು ಹೂಡದ ಬೀಳು ಹೊಲದಂತೆ ಇದು ಬಿದ್ದಿರುವುದರಿಂದಲೇ, ಎಂ.ಎಸ್. ಆಗಲಿ ಎಂ.ಸಿಎಚ್. ಆಗಲಿ ಮುಗಿಸಿದವರಿಗೆ ಪುನಃ ಪ್ರತ್ಯೇಕವಾದ ಉನ್ನತ ಶಿಕ್ಷಣ, ಎಲ್ಲರೂ ಈಗ ಫೆಲೋಷಿಪ್ ಎಂದು ಕರೆಯುವ ಶಿಷ್ಯವೃತ್ತಿ, ಅವಶ್ಯಕವಾಗಿದೆ. ಭಾರತದಲ್ಲಿ ಅದು ಇಲ್ಲವೆನ್ನುವಂತಿಲ್ಲ. ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಹ್ಯಾಂಡ್ ಅಂಡ್ ಮೈಕ್ರೋ ಸರ್ಜರಿ ಫೆಲೋಷಿಪ್ ಇದೆ. ಸತ್ಯಮಂಗಲದ ಘಟ್ಟವಿಳಿದರೆ ಸಿಗುವ ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ ಡಾ. ಎಸ್. ರಾಜಸಭಾಪತಿಯವರ ಬಳಿ ಕೈಯ ಶಸ್ತ್ರವಿದ್ಯೆಯನ್ನು ಕಲಿಯಲು ದೇಶವಿದೇಶಗಳಿಂದ ಬರುತ್ತಾರೆ. ನಮ್ಮ ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, 1958ರಲ್ಲಿ ಡಾ. ಮಾರ್ತಾಂಡವರ್ಮರು ನರಶಸ್ತ್ರಚಿಕಿತ್ಸೆಗೆ ನಾಂದಿ ಹಾಡಿದರು. ಅಲ್ಲಿಯೇ ಮುಂದೆ ಡಾ. ಬಿ. ಇಂದಿರಾದೇವಿಯವರೂ ಅವರ ಸಹೋದ್ಯೋಗಿಗಳೂ ಭುಜದ ನರಜಾಲದ ಗಾಯಾಳುಗಳನ್ನು ಶುಶ್ರೂಷಿಸಿದುದಲ್ಲದೆ, ಹರಿದ ನರವನ್ನು ಜೋಡಿಸಿದ ಮೇಲೆ ಮಿದುಳು ತನ್ನನ್ನು ತಾನೇ ಹೇಗೆ ತಿದ್ದಿಕೊಳ್ಳುತ್ತದೆಂಬುದನ್ನೂ ಸಂಶೋಧಿಸಿದ್ದಾರೆ.

ಇಷ್ಟಿದ್ದರೂ ನನ್ನದೊಂದು ಆಕ್ಷೇಪವುಂಟು. ಅದು ಫೆಲೋಷಿಪ್ಪಿನ ಅವಧಿಯನ್ನು ಕುರಿತದ್ದು. ಇತ್ತೀಚೆಗೆ ಹದಿನೈದು ದಿನದ, ಆರು ವಾರದ, ಮೂರು ತಿಂಗಳಿನ ಫೆಲೋಷಿಪ್ಪುಗಳು ಹುಟ್ಟಿಕೊಂಡಿವೆ. ಹಿರಿಯರ ಹೆಗಲ ಮೇಲಿನಿಂದ ಇಣುಕಿ ನೋಡಿ, ಪ್ರಮಾಣಪತ್ರ ಪಡೆದು, ನಾಮಫಲಕದ ಮೇಲೆ ನಾಲ್ಕಕ್ಷರ ಏರಿಸಿಕೊಳ್ಳುವುದಕ್ಕೆ ಅವು ಸಾಕು. ಕೈಚಳಕದ ಅಂಶವನ್ನೂ ಒಂದು ಮಟ್ಟಿಗೆ ಬೇಗನೆ ಕಲಿಯಬಹುದೆಂದೇ ಇಟ್ಟುಕೊಳ್ಳೋಣ. ಕೂದಲಿನ ಮೂರರಲ್ಲೊಂದು ಪಾಲಿನಷ್ಟು ತೆಳುವಾದ ನೈಲಾನ್ ದಾರದಿಂದ ಮೊದಲು ರಬ್ಬರಿನ ಕೈಚೀಲದ ತುಂಡನ್ನು, ಆಮೇಲೆ ಅಂಗಡಿಯಿಂದ ತಂದ ಕೋಳಿಯ ತೊಡೆಯ ನರವನ್ನು, ಕಡೆಗೆ ಇಲಿಯ ರಕ್ತನಾಳವನ್ನು ಹೊಲಿಯುತ್ತ ಹೊಲಿಯುತ್ತ ಬೆರಳಿನ ನಡುಕ ನಿಲ್ಲುತ್ತದೆ. ಆದರೆ ಈ ವಿದ್ಯೆಯ ತಿರುಳು ಹೊಲಿಗೆಯಲ್ಲಿಲ್ಲ, ಕಾಲಜ್ಞಾನದಲ್ಲಿದೆ. ಗಾಯವಾಗಿ ಮೂರು ನಾಲ್ಕು ವಾರವಾಗದೆ, ಮಾಂಸಖಂಡದ ವಿದ್ಯುತ್ತನ್ನು ಅಳೆಯುವ ಇ.ಎಂ.ಜಿ. ಪರೀಕ್ಷೆ ನಿಜ ಹೇಳದೆಂಬುದು; ನರದ ಹಾದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದಾಗ ರೋಗಿಗೆ ‘ಜುಂ’ ಎನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಗಿಳಿಯುತ್ತಿದೆಯೆ, ನಿಂತಲ್ಲಿಯೇ ನಿಂತಿದೆಯೆ ಎಂಬುದು; ಹೆರಿಗೆಯಲ್ಲಿ ಭುಜ ಎಳೆದು ಹುಟ್ಟಿದ ಕೂಸು ಮೂರು ತಿಂಗಳಾದರೂ ಮೊಳಕೈ ಮಡಿಸದಿದ್ದರೆ ಮುಂದೇನೆಂಬುದು; ಇವೆಲ್ಲವೂ ಒಬ್ಬನೇ ರೋಗಿಯನ್ನು ಬಿದ್ದ ದಿನದಿಂದ ಎದ್ದ ದಿನದವರೆಗೆ ಬೆನ್ನಟ್ಟಿದವನಿಗೆ ಮಾತ್ರ ದಕ್ಕುವ ವಿವೇಕ. ನರವೇ ದಿನಕ್ಕೊಂದು ರಾಗಿಕಾಳು ನಡೆಯುತ್ತಿರುವಾಗ ಅದರ ವಿದ್ಯಾರ್ಥಿಯು ಅದಕ್ಕಿಂತ ವೇಗವಾಗಿ ನಡೆದು ಪದವಿ ಮುಟ್ಟುವುದಾದರೂ ಹೇಗೆ? ತಾನು ಸೇರಿದ ಮೊದಲ ತಿಂಗಳಲ್ಲಿ ಗುರುವಿನೊಡನೆ ಜೋಡಿಸಿದ ನರವು ತೋಳನ್ನು ಮುಟ್ಟಿ ಮೊಳಕೈಯನ್ನು ಮಡಿಸುವುದನ್ನು ಕಣ್ಣಾರೆ ಕಾಣದೆ, ಅಥವಾ ಮಡಿಸಲಾರದೆ ಹೋದುದನ್ನು ಕಂಡು ಅದಕ್ಕೆ ಕಾರಣವನ್ನು ವಿಚಾರಿಸದೆ ಹೊರಟುಹೋದವನನ್ನು, ಬಿತ್ತನೆಯ ದಿನ ಬಂದು ಕೊಯ್ಲಿಗೆ ಇಲ್ಲದ ಆಳಿನಂತೆ, ಅರ್ಧಕೂಲಿಗೆ ಮಾತ್ರ ಅರ್ಹನೆಂದು ನಾನು ತಿಳಿಯುತ್ತೇನೆ. ಆದುದರಿಂದ ಈ ಶಿಕ್ಷಣ ಎರಡು ವರ್ಷಕ್ಕೆ ಕಡಿಮೆಯಿರಬಾರದು. ಅದರ ಪರೀಕ್ಷೆಯಲ್ಲಿ ಎಷ್ಟು ಶಸ್ತ್ರಕ್ರಿಯೆ ಮಾಡಿದೆಯೆಂದು ಕೇಳುವುದರ ಜೊತೆಗೆ, ಎಷ್ಟು ರೋಗಿಗಳನ್ನು ಕಡೆಯವರೆಗೆ ನೋಡಿದೆಯೆಂದೂ ಕೇಳಬೇಕು.

ಕಡೆಯವರೆಗೆ ನೋಡಬೇಕಾದರೆ ರೋಗಿ ಹತ್ತಿರದಲ್ಲಿರಬೇಕಷ್ಟೆ. ಬೆಂಗಳೂರಿನಲ್ಲಿ ಶಸ್ತ್ರಕ್ರಿಯೆಯಾದ ನಮ್ಮೂರಿನವನು ಎರಡು ಸಲ ಮರುಪರೀಕ್ಷೆಗೆ ಹೋಗುತ್ತಾನೆ. ಮೂರನೆಯ ಸಲಕ್ಕೆ ಬಸ್ಸಿನ ಖರ್ಚೂ, ದಿನಗೂಲಿಯ ನಷ್ಟವೂ, ಜೊತೆಗೆ ಬರುವವರಿಲ್ಲದ ಸಂಕಟವೂ ಸೇರಿ ಅವನನ್ನು ಮನೆಯಲ್ಲಿಯೇ ಉಳಿಸುತ್ತವೆ. ಆದಕಾರಣ ಇಂಥ ಶಿಕ್ಷಣದ ಒಂದೆರಡು ಸ್ಥಾನಗಳನ್ನು ಮೈಸೂರಿನಲ್ಲಿಯೇ, ಕೃಷ್ಣರಾಜೇಂದ್ರ ಆಸ್ಪತ್ರೆಯಂಥ ಸರಕಾರೀ ಆಸ್ಪತ್ರೆಯನ್ನು ಆಶ್ರಯಿಸಿ ನೆಲೆಗೊಳಿಸಬೇಕೆಂದೂ, ಆ ವಿದ್ಯಾರ್ಥಿಯು ವಾರಕ್ಕೊಂದು ದಿನ ಸರದಿಯಂತೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ ಕುಳಿತು ನರದ ರೋಗಿಗಳನ್ನು ನೋಡಬೇಕೆಂದೂ ನನ್ನ ಸೂಚನೆ. ಅವನು ಅಲ್ಲಿ ಶಸ್ತ್ರಕ್ರಿಯೆ ಮಾಡಬೇಕಾದುದಿಲ್ಲ. ನೋಡಿದರೆ ಸಾಕು, ದಿನ ಎಣಿಸಿದರೆ ಸಾಕು, ‘ಇನ್ನು ಕಾಯಬೇಡ, ಬುಧವಾರ ಮೈಸೂರಿಗೆ ಬಾ’ ಎಂದರೆ ಸಾಕು. ಅವನ ಪಕ್ಕದಲ್ಲಿ ಕುಳಿತ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನು, ಹೊಲಿಗೆ ಹಾಕುವ ಮೊದಲು ಗಾಯಾಳುವಿನ ಹೆಬ್ಬೆರಳನ್ನು ಎತ್ತಿಸಿ, ಬೆರಳುಗಳನ್ನು ಅಗಲಿಸಿ, ಮಣಿಕಟ್ಟನ್ನು ಮೇಲಕ್ಕೆತ್ತಿಸಿ ನೋಡುವ ಐದು ನಿಮಿಷದ ಪಾಠವನ್ನು ಕಲಿತುಕೊಂಡಾನು.

ಇದಕ್ಕೆ ಎದುರಾಗಿ ಹೇಳಬಹುದಾದುದನ್ನೂ ನಾನು ಕೇಳಿದ್ದೇನೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವವರೇ ಸಿಗದಿರುವಾಗ, ಹೆರಿಗೆಗೆ ಬಂದವಳನ್ನು ಮೈಸೂರಿಗೆ ಅಟ್ಟುತ್ತಿರುವಾಗ, ನರದ ಹೊಲಿಗೆಯ ವೈಭೋಗವೇಕೆ ಎಂದು ಮಿತ್ರರೊಬ್ಬರು ಖಾರವಾಗಿಯೇ ಕೇಳಿದರು. ಆ ಮಾತಿನಲ್ಲಿ ಬಲವಿದೆ. ಹೆರಿಗೆಯ ಕೋಣೆಗೂ ನರದ ಸೂಕ್ಷ್ಮದರ್ಶಕಕ್ಕೂ ಇರುವುದು ಒಂದೇ ಬೊಕ್ಕಸವಾದರೆ ನಾನು ಮೊದಲನೆಯದಕ್ಕೇ ಕೈಯೆತ್ತುತ್ತೇನೆ. ಆದರೆ ಬೊಕ್ಕಸದ ಲೆಕ್ಕವನ್ನು ಹೀಗೂ ಬರೆಯಬಹುದು: ಇಪ್ಪತ್ತೆರಡರ ಪ್ರಾಯದಲ್ಲಿ ಬಲಗೈ ಕಳೆದುಕೊಂಡವನು ಮುಂದೆ ನಲವತ್ತು ವರ್ಷ ಅನ್ಯರ ದುಡಿಮೆಯ ಮೇಲೆ ಬದುಕಬೇಕು, ಆ ನಲವತ್ತು ವರ್ಷದ ಅನ್ನ ಯಾವ ಇಲಾಖೆಯ ಬಜೆಟ್ಟಿನಲ್ಲಿಯೂ ಕಾಣುವುದಿಲ್ಲ, ಅವನ ತಾಯಿಯ ಬೆನ್ನಿನ ಮೇಲೆ ಕಾಣುತ್ತದೆ. ಕಲಿತವರು ಹಳ್ಳಿಯ ಕಡೆ ತಿರುಗಿ ನೋಡದೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹಾರಿಹೋಗುತ್ತಾರೆಂಬುದು ಇನ್ನೊಂದು ಆಕ್ಷೇಪ. ಮುಚ್ಚಳಿಕೆ ಬರೆಸಿಕೊಂಡು ಕಟ್ಟಿಹಾಕುವುದರಲ್ಲಿ ನನಗೆ ನಂಬಿಕೆ ಕಡಿಮೆ. ಕಂಬಾರನು ಕುಲುಮೆಯಿದ್ದಲ್ಲಿ ನಿಲ್ಲುತ್ತಾನೆ, ಮುಚ್ಚಳಿಕೆಯಿದ್ದಲ್ಲಿ ಅಲ್ಲ. ಮೈಸೂರು ವೈದ್ಯಕೀಯ ಕಾಲೇಜಿನ ಕೆಲವು ವಿದ್ಯಾರ್ಥಿಗಳು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಕಟ್ಟಿ, ಎಚ್.ಡಿ. ಕೋಟೆಯ ಕಾಡಿನ ಜನರ ನಡುವೆ ನೆಲೆಯೂರಿ, ಸರಗೂರಿನಲ್ಲಿ ಆಸ್ಪತ್ರೆಯನ್ನೇ ಎಬ್ಬಿಸಿದುದು ಯಾವ ಮುಚ್ಚಳಿಕೆಯ ಬಲದಿಂದ?

ಮರೆಯಬಾರದ ಇನ್ನೊಬ್ಬರೆಂದರೆ ಫಿಸಿಯೋಥೆರಪಿಯವರು. ಭುಜದ ಬೇರುಗಳೆಲ್ಲ ಕಿತ್ತುಹೋದಾಗ ಪಕ್ಕೆಲುಬುಗಳ ನಡುವಣ, ಉಸಿರಾಟಕ್ಕೆ ಮೀಸಲಾದ ನರಗಳನ್ನು ತಂದು ಮೊಳಕೈಯ ಮಾಂಸಕ್ಕೆ ಜೋಡಿಸುವುದುಂಟು. ಆಗ ರೋಗಿಯು ಮೊಳಕೈ ಮಡಿಸಬೇಕಾದರೆ ಮೊದಮೊದಲು ಎದೆ ತುಂಬ ಉಸಿರೆಳೆದುಕೊಳ್ಳಬೇಕು. ಉಸಿರಿನೊಂದಿಗೆ ಕೈ ಮೇಲೇಳುತ್ತದೆ. ತಿಂಗಳುಗಳು ಕಳೆದಂತೆ ಮಿದುಳು ಹಳೆಯ ಪಾಠ ಮರೆತು ಹೊಸದನ್ನು ಕಲಿತು, ಉಸಿರಿಗೂ ಕೈಗೂ ಇದ್ದ ನಂಟನ್ನು ಬಿಡಿಸುತ್ತದೆ. ಈ ಪಾಠವನ್ನು ಹೇಳಿಕೊಡುವವರು ಪಕ್ಕದಲ್ಲಿಲ್ಲದಿದ್ದರೆ ಎಂಥ ಓಬರ್ಲಾನನ ಹೊಲಿಗೆಯೂ ನಿಷ್ಫಲ. ಫೆಲೋಷಿಪ್ಪಿನ ಪ್ರತಿಯೊಂದು ಸ್ಥಾನದ ಜೊತೆಜೊತೆಗೇ ಅಂಥ ಒಬ್ಬರ ತರಬೇತಿಯೂ ನಡೆಯಬೇಕು. ಅವರು ತಾಲ್ಲೂಕಿನವರೇ ಆದರೆ ಮತ್ತೂ ಲೇಸು.

ನನ್ನ ಶಿಷ್ಯನಿಗೆ ಈಗ ನರದ ಜೋಡಣೆಯ ಕಾಲ ಮೀರಿದೆ. ತೊಡೆಯ ಒಳಬದಿಯ ಮಾಂಸಖಂಡವೊಂದನ್ನು ಅದರ ರಕ್ತನಾಳ, ನರಗಳ ಸಮೇತ ತೆಗೆದು ತೋಳಿನಲ್ಲಿ ನೆಟ್ಟು, ಜೀವಂತ ನರವೊಂದಕ್ಕೆ ಕೂಡಿಸುವ ದಾರಿಯೊಂದು ಉಳಿದಿದೆಯೆಂದು ವೈದ್ಯರು ಹೇಳಿದ್ದಾರೆ. ಅದು ಬಲಗೊಳ್ಳಲು ಪುನಃ ಒಂದು ವರ್ಷವಾದರೂ ಬೇಕು. ಕಳೆದ ಭಾನುವಾರ ಅವನು ನನ್ನಲ್ಲಿಗೆ ಬಂದಿದ್ದನು. ಎಡಗೈಯಲ್ಲಿ ಬಲಗೈಯನ್ನೆತ್ತಿ ಜಗಲಿಯ ಕಂಬಕ್ಕೆ ಒರಗಿಸಿಟ್ಟುಕೊಂಡು, ಆಸ್ಪತ್ರೆಯ ಚೀಟಿಯನ್ನು ನನ್ನ ಮುಂದಿಟ್ಟು ಕೇಳಿದನು: “ದಾಖಲಾಗಕ್ಕೆ ಯಾವ್ ತಿಂಗ್ಳು ಒಳ್ಳೇದು ಮೇಷ್ಟ್ರೇ? ಆಸಾಡ ಸ್ರಾವಣ ಎಲ್ಡೂ ಬುಟ್ಟು ಹೇಳಿ. ಸೊಪ್ಪು ಮುರ್ಯೋ ಕಾಲ, ಅವ್ವ ಒಬ್ಳೇ ಆಯ್ತಾಳೆ.”